ಚೆಸ್ಸಿಗೊಂದು ಲಿಪಿ ಕೊಟ್ಟ ಮತಾನೊವಿಚ್

ಚೆಸ್ ಗ್ರ್ಯಾಂಡ್‌ಮಾಸ್ಟರ್ ಎಂದರೆ ಸಾಕು, ನಮ್ಮಲ್ಲಿ ಮಾತು ನೇರವಾಗಿ ಮೆದುಳಿನ ಕಡೆ ತಿರುಗುತ್ತದೆ. ಹುಟ್ಟಾ ಪ್ರತಿಭೆ, ದೈವದತ್ತ ನೆನಪಿನ ಶಕ್ತಿ, ಕೆಲವರಿಗಂತೂ ಜಾತಕದಲ್ಲಿ ಕೂತ ಬುಧ. ಆ ಆಟಗಾರ ಏನು ಓದಿದ, ಓದಿದ್ದು ಅವನ ಕೈಗೆ ಹೇಗೆ ಬಂತು ಎಂದು ಕೇಳುವವರು ಕಡಿಮೆ. 1966ರಿಂದ ಮುಂದಿನ ಎರಡು ಮೂರು ದಶಕ ಆ ಪ್ರಶ್ನೆಗೆ ಬಹುಪಾಲು ಒಂದೇ ಉತ್ತರವಿತ್ತು: ಯುಗೊಸ್ಲಾವಿಯಾದ ರಾಜಧಾನಿ ಬೆಲ್‌ಗ್ರೇಡಿನಿಂದ ವರ್ಷಕ್ಕೆರಡು ಸಲ ಬರುತ್ತಿದ್ದ, ಆಯ್ದ ಆಟಗಳ ಸಂಕಲನ ‘ಚೆಸ್ ಇನ್ಫಾರ್ಮೆಂಟ್’.

ಅದನ್ನು ಕಟ್ಟಿ ನಿಲ್ಲಿಸಿದವರು ಅಲೆಕ್ಸಾಂಡರ್ ಮತಾನೊವಿಚ್. 1930ರಲ್ಲಿ ಬೆಲ್‌ಗ್ರೇಡಿನಲ್ಲಿ ಹುಟ್ಟಿದ ಇವರು 1955ರಲ್ಲಿ ಗ್ರ್ಯಾಂಡ್‌ಮಾಸ್ಟರ್ ಆದರು. ಯುಗೊಸ್ಲಾವಿಯಾದ ಚಾಂಪಿಯನ್ ಪಟ್ಟ 1962ರಲ್ಲಿ ಹಂಚಿಕೊಂಡು, 1969 ಮತ್ತು 1978ರಲ್ಲಿ ಒಬ್ಬರಿಗೇ ದಕ್ಕಿತು. ಹದಿನೈದರ ಹುಡುಗ ಬಾಬಿ ಫಿಷರ್ ಜಗತ್ತನ್ನು ಬೆಚ್ಚಿಬೀಳಿಸಿದ 1958ರ ಪೋರ್ಟೊರೋಜ್ ಇಂಟರ್‌ಜೋನಲ್‌ನಲ್ಲಿ, ಅಂದರೆ ವಿಶ್ವ ಚಾಂಪಿಯನ್ ಪಟ್ಟದ ಹಾದಿಯ ಅರ್ಹತಾ ಪಂದ್ಯಾವಳಿಯಲ್ಲಿ, ಇವರೂ ಆಡಿದ್ದರು. ಗಟ್ಟಿ ಆಟಗಾರ, ಸರಿ. ಆದರೆ ನನ್ನ ಲೆಕ್ಕದಲ್ಲಿ ಅವರ ದೊಡ್ಡ ಗೆಲುವು ಹಲಗೆಯ ಮೇಲಿನದಲ್ಲ.

ಆಟಗಳನ್ನು ಬರೆದಿಡುವುದರಲ್ಲಿ ಸಮಸ್ಯೆ ಏನಿತ್ತು ನೋಡಿ. ‘ಆರ್’ ಅಕ್ಷರ ಇಂಗ್ಲಿಷ್ ಪುಸ್ತಕದಲ್ಲಿ ಆನೆ, ಫ್ರೆಂಚ್ ಪುಸ್ತಕದಲ್ಲಿ ರಾಜ. ರಷ್ಯನ್ನರು ಆನೆ ಎನ್ನುವುದು ನಮ್ಮ ಒಂಟೆಗೆ! ಇಂಗ್ಲಿಷರ ಹಳೆಯ ಬರವಣಿಗೆಯಂತೂ ಇನ್ನೂ ವಿಚಿತ್ರ: ಒಂದೇ ಮನೆಗೆ ಬಿಳಿಯ ಕಡೆಯಿಂದ ಒಂದು ಹೆಸರು, ಕರಿಯ ಕಡೆಯಿಂದ ಇನ್ನೊಂದು. ಪ್ರತಿ ಮನೆಗೂ ಒಂದು ಅಕ್ಷರ, ಒಂದು ಅಂಕಿ ಎಂಬ ಸರಳ ಪದ್ಧತಿಯನ್ನು ಅಲೆಪ್ಪೊದ ಫಿಲಿಪ್ ಸ್ಟಾಮ 1737ರಲ್ಲೇ ಪ್ಯಾರಿಸ್ಸಿನಲ್ಲಿ ಅಚ್ಚು ಹಾಕಿಸಿದ್ದರೂ, ಇಂಗ್ಲಿಷ್ ಜಗತ್ತು ಅದನ್ನು ಪೂರ್ತಿ ಒಪ್ಪಲು 1980ರ ದಶಕ ಬರಬೇಕಾಯಿತು.

ಎಲ್ಲ ದೇಶದವರೂ ಓದುವ ಹಾಗೆ ಆಟಗಳನ್ನು ಕೂಡಿಸುವ ಕೆಲಸ ಬೆಲ್‌ಗ್ರೇಡಿಗೆ ಒಲಿದದ್ದು ಆಕಸ್ಮಿಕವೇನಲ್ಲ. 1948ರಲ್ಲಿ ಸ್ಟಾಲಿನ್‌ನಿಂದ ದೂರ ಸರಿದ ಯುಗೊಸ್ಲಾವಿಯಾ, ಅಮೆರಿಕದ ಬಣಕ್ಕೂ ಸೇರಿರಲಿಲ್ಲ. ನೆಹರೂ ಭಾಗವಹಿಸಿದ 1961ರ ಅಲಿಪ್ತ ಶೃಂಗಸಭೆ ನಡೆದದ್ದೂ ಇದೇ ಊರಲ್ಲಿ. ಎರಡೂ ಬಣದ ಆಟಗಾರರು ಬಂದು ಹೋಗುವ ಜಾಗದಲ್ಲಿ ಎರಡೂ ಬಣದ ಆಟಗಳನ್ನು ಸೇರಿಸುವುದು ಸುಲಭ. ಅವನ್ನು ಯಾವ ಭಾಷೆಯಲ್ಲಿ ವಿವರಿಸುವುದು ಎನ್ನುವುದೇ ಕಗ್ಗಂಟು.

ಮತಾನೊವಿಚ್ ತಂಡ ಭಾಷೆಯನ್ನೇ ಕೈಬಿಟ್ಟಿತು. ಕಾಯಿಗಳಿಗೆ ಅಕ್ಷರದ ಬದಲು ಪುಟ್ಟ ಚಿತ್ರ, ಟಿಪ್ಪಣಿಗೆ ವಾಕ್ಯದ ಬದಲು ಚಿಹ್ನೆ. ಉದಾಹರಣೆಗೆ ಇಂಥದೊಂದು ಸಾಲು:

♘ಡಿ3!? △ ಎಫ್4 ⩲

ಬಿಡಿಸಿ ಓದಿದರೆ: “ಬಿಳಿಯ ಕುದುರೆ ಡಿ3ಕ್ಕೆ, ಗಮನಿಸಬೇಕಾದ ನಡೆ, ಎಫ್4ಕ್ಕೆ ಕಾಲಾಳು ದಾಟಿಸುವುದು ಉದ್ದೇಶ, ಬಿಳಿಯದು ತುಸು ಮೇಲುಗೈ.” ಬೇರೆ ದಾರಿಯೇ ಇಲ್ಲದ ನಡೆಗೆ ಖಾಲಿ ಚೌಕ, ಹೊಸ ನಡೆಗೆ ‘ಎನ್’. ನನಗೆ ಬಲು ಇಷ್ಟವಾದದ್ದು ∞. ಗಣಿತದವರ ಅನಂತ ಇಲ್ಲಿ “ಯಾರ ಕೈ ಮೇಲೋ ಹೇಳಲಾಗದು” ಎಂದಾಗುತ್ತದೆ. ಗೊತ್ತಿಲ್ಲ ಎನ್ನುವುದಕ್ಕೂ ಒಂದು ಗೌರವದ ಚಿಹ್ನೆ ಇಟ್ಟುಕೊಂಡ ಶಾಸ್ತ್ರಗಳು ಎಷ್ಟಿವೆ? ಜ್ಯೋತಿಷಿಗಳಂತೂ ಇಟ್ಟುಕೊಂಡಿಲ್ಲ.

ಇನ್ನು ವಿಂಗಡಣೆ. ಆಟದ ಆರಂಭಗಳನ್ನೆಲ್ಲ ಎ, ಬಿ, ಸಿ, ಡಿ, ಇ ಎಂದು ಐದು ಭಾಗ ಮಾಡಿ, ಒಂದೊಂದಕ್ಕೂ 00ಯಿಂದ 99ರವರೆಗೆ ಅಂಕಿ ಕೊಟ್ಟರು. ಒಟ್ಟು 500 ಸಂಕೇತ. ಎರಡರ ಒಂಬತ್ತನೇ ಘಾತ 512. ಅಂದರೆ ಕಂಪ್ಯೂಟರಿನ ಲೆಕ್ಕದಲ್ಲಿ ಬರೀ ಒಂಬತ್ತು ಬಿಟ್‌ಗಳಲ್ಲಿ ಇಡೀ ಆರಂಭಶಾಸ್ತ್ರದ ವಿಳಾಸ ಮುಗಿಯಿತು. ನಮ್ಮ ಪಿನ್ ಕೋಡ್ ಇದ್ದ ಹಾಗೆ: ಮೊದಲ ಅಂಕಿ 5 ಎಂದರೆ ದಕ್ಷಿಣದ ಈ ಭಾಗ, ಮುಂದಿನವು ಜಿಲ್ಲೆಗೆ, ಕೊನೆಯವು ಬಡಾವಣೆಯ ಅಂಚೆ ಕಚೇರಿಗೆ. ಬಿ ಎಂದರೆ ಬಹುಪಾಲು ಅರೆ-ಮುಕ್ತ ಆರಂಭಗಳು: ಬಿಳಿಯ ರಾಜನ ಕಾಲಾಳು ಎರಡು ಮನೆ ಮುಂದೆ ಬಂದಾಗ ಕರಿಯದು ಅದೇ ನಡೆಯಿಂದ ಉತ್ತರಿಸದೆ ಬೇರೆ ದಾರಿ ಹಿಡಿಯುವಂಥವು. ಬಿ20ಯಿಂದ ಬಿ99 ಸಿಸಿಲಿಯನ್ ಎಂಬ ಆರಂಭ. ಅದರಲ್ಲಿ ಬಿ90ಯಿಂದ ಮುಂದಕ್ಕೆ ಅದರದೇ ಒಂದು ಕವಲಾದ ನೈಡಾರ್ಫ್.

ಜಾಣತನ ಇರುವುದು ಹಂಚಿಕೆಯಲ್ಲಿ. ಸಿಸಿಲಿಯನ್ನಿಗೆ 80 ಮನೆ, ಫ್ರೆಂಚ್ ರಕ್ಷಣೆಗೆ 20, ಸ್ಕ್ಯಾಂಡಿನೇವಿಯನ್ನಿಗೆ ಬಿ01 ಎಂಬ ಒಂದೇ ಒಂದು. ಜನಸಂದಣಿ ಇದ್ದಲ್ಲಿ ಹೆಚ್ಚು ಸಂಖ್ಯೆ, ಬಯಲಿಗೆ ಕಡಿಮೆ. ಹಾಗಾಗಿಯೇ ಈ ಪಟ್ಟಿ ತಾನು ಹುಟ್ಟಿದ ಕಾಲದ ಫೋಟೊ ಕೂಡ. ಈಗ ದೊಡ್ಡ ಪಂದ್ಯಗಳಲ್ಲಿ ಅಪರೂಪವಾದ ಕಿಂಗ್ಸ್ ಗ್ಯಾಂಬಿಟ್ ಎಂಬ ಆರಂಭ ಸಿ30ಯಿಂದ ಸಿ39ರವರೆಗೆ ಹತ್ತು ನಿವೇಶನ ಹಿಡಿದು ಕೂತಿದೆ. 2000ದ ವಿಶ್ವ ಚಾಂಪಿಯನ್ ಪಟ್ಟದ ಪಂದ್ಯದಲ್ಲಿ ಕ್ರಾಮ್ನಿಕ್ ಲಂಡನ್ನಿನಲ್ಲಿ ಕಾಸ್ಪರೊವ್ ವಿರುದ್ಧ ಹೂಡಿದ ಬರ್ಲಿನ್ ರಕ್ಷಣೆಗೆ ಆಮೇಲೆ ಬಂದ ಪ್ರವಾಹವೆಲ್ಲ ಸಿ65ರಿಂದ ಸಿ67ರ ಮೂರೇ ಕೋಣೆಗಳಲ್ಲಿ ಇಕ್ಕಟ್ಟಾಗಿ ನಿಂತಿದೆ.

ಈಗ ಎಂಜಿನ್‌ಗಳು, ಅಂದರೆ ಚೆಸ್ ಲೆಕ್ಕ ಹಾಕುವ ಕಂಪ್ಯೂಟರ್ ತಂತ್ರಾಂಶಗಳು, ⩲ ಬದಲು +0.4 ಎಂದು ತೋರಿಸುತ್ತವೆ. ∞ಗಂತೂ ಅವು ಮನೆಯನ್ನೇ ಕೊಟ್ಟಿಲ್ಲ. ಆದರೆ 500 ಸಂಕೇತಗಳು ಅಲ್ಲಾಡಿಲ್ಲ. ಆಟಗಳನ್ನು ಕಂಪ್ಯೂಟರಿನಲ್ಲಿ ಉಳಿಸಲು 1990ರ ದಶಕದಲ್ಲಿ ಬಂದ ಪಿಜಿಎನ್ ಕಡತವೂ ಅವಕ್ಕೆ ಒಂದು ಜಾಗ ಮೀಸಲಿಟ್ಟಿತು. ಮತಾನೊವಿಚ್ 2023ರ ಆಗಸ್ಟ್‌ನಲ್ಲಿ, 93ನೇ ವಯಸ್ಸಿನಲ್ಲಿ ತೀರಿಕೊಂಡರು. ನೀವು ಆಡಿದ ಆಟವೊಂದರ ಪಿಜಿಎನ್ ಇಳಿಸಿಕೊಂಡು ತೆರೆದು ನೋಡಿ, ತಲೆಬರಹದಲ್ಲಿ ಒಂದಕ್ಷರ, ಎರಡಂಕಿ ಸಾಮಾನ್ಯವಾಗಿ ಇದ್ದೇ ಇರುತ್ತದೆ.