ಪಿರಾನಾ ಗುಂಪು ಕಟ್ಟುವುದು ಬೇಟೆಗಲ್ಲ, ಭಯಕ್ಕೆ

ದಕ್ಷಿಣ ಅಮೆರಿಕದ ನದಿಗೆ ಬಿದ್ದ ಮನುಷ್ಯ ಪಿರಾನಾ ಮೀನುಗಳ ಬಾಯಿಗೆ ಸಿಕ್ಕಿ ಎರಡೇ ನಿಮಿಷದಲ್ಲಿ ಬರೀ ಮೂಳೆಯಾಗಿಬಿಡುತ್ತಾನೆ ಎಂಬ ಕಥೆಯನ್ನು ನಾವೆಲ್ಲ ಕೇಳಿದ್ದೇವೆ ಅಲ್ವಾ? ಅದನ್ನು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಆ ಮೀನಿಗೆ ಇಷ್ಟು ದೊಡ್ಡ ಅಪವಾದ ಬೇಕಾಗಿರಲಿಲ್ಲ.

ಇದರಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಪಾಲು ಜಾಸ್ತಿ. 1912ರ ಚುನಾವಣೆಯಲ್ಲಿ ಸೋತವರು ಮರುವರ್ಷ ಬ್ರೆಜಿಲ್ ಕಾಡಿಗೆ ಹೊರಟರು. 1914ರಲ್ಲಿ ಬಂದ ಅವರ ಪ್ರವಾಸಕಥನದಲ್ಲಿ ಪಿರಾನಾವನ್ನು ಜಗತ್ತಿನ ಅತಿ ಕ್ರೂರ ಮೀನು ಎಂದೇ ಬರೆದರು. ಅವರಿಗೆ ತೋರಿಸಲೆಂದೇ ಅಲ್ಲಿಯವರು ನದಿಗೆ ಬಲೆ ಕಟ್ಟಿ, ಮೀನುಗಳನ್ನು ಹಲವು ದಿನ ಉಪವಾಸ ಕೆಡವಿ, ಆಮೇಲೆ ಹಸುವನ್ನು ನೂಕಿದರು ಎಂಬ ಮಾತೂ ಇದೆ. ಒಬ್ಬ ಮಾಜಿ ಅಧ್ಯಕ್ಷರೇ ಬರೆದ ಮೇಲೆ ನಂಬದವರು ಯಾರು?

ಹಲ್ಲಿನ ವಿಷಯದಲ್ಲಿ ಸುಳ್ಳಿಲ್ಲ. ತ್ರಿಕೋನದ ಹಲ್ಲುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡಿರುತ್ತವೆ. ಬಾಯಿ ಮುಚ್ಚಿದರೆ ಮೇಲಿನ ಸಾಲು ಕೆಳಗಿನ ಸಾಲಿನ ಸಂದಿಗೆ ಸರಿಯಾಗಿ ಕೂರುತ್ತದೆ, ನಡುವೆ ಸಿಕ್ಕಿದ್ದು ಕತ್ತರಿಗೆ ಸಿಕ್ಕಂತೆ ತುಂಡು. ಕಪ್ಪು ಪಿರಾನಾ ತನ್ನ ತೂಕದ ಸುಮಾರು 30 ಪಟ್ಟು ಬಲದಿಂದ ಕಚ್ಚುತ್ತದೆ ಎಂದು 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅಳೆದು ತೋರಿಸಿದ್ದಾರೆ.

ಆದರೆ ಆ ಗುಂಪು? ಕಥೆಯ ಭಯವೆಲ್ಲ ಇರುವುದೇ ಅಲ್ಲಿ, ಎಡವಟ್ಟಾಗಿರುವುದೂ ಅಲ್ಲೇ. ತೋಳಗಳ ಹಾಗೆ ಸೇರಿ ಬೇಟೆಯಾಡುತ್ತವೆ ಅಂತ ನಾವು ಸುಮ್ನೆ ಅಂದುಕೊಂಡಿದ್ದೇವೆ. ಆನ್ ಮಗುರನ್ ಮತ್ತು ಹೆಲ್ಡರ್ ಕ್ವೆರೋಜ್ ಎಂಬ ಜೀವವಿಜ್ಞಾನಿಗಳು ಅಮೆಜಾನ್‌ನ ಮಮಿರಾವಾ ಪ್ರದೇಶದಲ್ಲಿ ಕೆಂಪು ಹೊಟ್ಟೆಯ ಪಿರಾನಾಗಳನ್ನು ಕೂತು ಗಮನಿಸಿದರು. ಎರಡೇ ಮೀನುಗಳನ್ನು ಒಟ್ಟಿಗೆ ಬಿಟ್ಟಾಗ ಅವುಗಳ ಕಿವಿರಿನ ಮುಚ್ಚಳ ಪಟಪಟ ಬಡಿದುಕೊಳ್ಳುತ್ತಿತ್ತು. ಅದು ಮೀನಿನ ಏದುಸಿರು. ಎಂಟನ್ನು ಬಿಟ್ಟಾಗ ಉಸಿರು ನಿಧಾನವಾಯಿತು. ನೀರುಕಾಗೆ ಎರಗಿದಂತೆ ಬೆದರಿಸಿದಾಗಲೂ ದೊಡ್ಡ ಗುಂಪಿನವು ಬೇಗ ಸುಧಾರಿಸಿಕೊಂಡವು.

ಕತ್ತಲ ದಾರಿಯಲ್ಲಿ ಒಬ್ಬರೇ ನಡೆಯುವಾಗ ಎದೆ ಹೊಡೆದುಕೊಳ್ಳುತ್ತದೆ, ಜೊತೆಗೆ ನಾಲ್ಕು ಜನ ಸಿಕ್ಕರೆ ಸಲೀಸಾಗುತ್ತದೆ. ಜಿಂಕೆಗಳು ಹಿಂಡು ಕಟ್ಟುವುದೂ ಹೀಗೇ. ಪಿರಾನಾಗೆ ಶತ್ರುಗಳೇನು ಕಡಿಮೆಯೇ? ಕೇಮನ್ ಮೊಸಳೆ, ನದಿ ಡಾಲ್ಫಿನ್, ನೀರುಕಾಗೆ, ಇನ್ನೂ ದೊಡ್ಡ ಮೀನುಗಳು. ಅದಕ್ಕೇ ಮೊಟ್ಟೆಯಿಡುವ ವಯಸ್ಸಿಗೆ ಬಂದ ಮೀನುಗಳು ಹಿಂಡಿನ ನಡುವೆ ಇರುತ್ತವೆ, ಚಿಕ್ಕವು ಅಂಚಿನಲ್ಲಿ. ನದಿ ಬತ್ತಿ ಶತ್ರು ಹತ್ತಿರವಾದಾಗ ಹಿಂಡು ಇನ್ನೂ ದೊಡ್ಡದಾಗುತ್ತದೆ. ಬೇಟೆಯ ದಂಡು ಅಂತ ನಾವು ಹೆದರುವುದು ಹೆದರಿ ಒತ್ತೊತ್ತಾಗಿ ನಿಂತ ಗುಂಪಿಗೆ.

ಹಾಗಾದರೆ ಕಚ್ಚುವುದೇ ಇಲ್ಲವೇ? ಕಚ್ಚುತ್ತದೆ. 2013ರ ಡಿಸೆಂಬರ್ 25ರಂದು ಅರ್ಜೆಂಟೀನಾದ ರೊಸಾರಿಯೊದಲ್ಲಿ, ಸೆಕೆ ತಾಳಲಾರದೆ ಪರಾನಾ ನದಿಗೆ ಇಳಿದಿದ್ದ 60ಕ್ಕೂ ಹೆಚ್ಚು ಜನರಿಗೆ ಪಿರಾನಾದ ಹತ್ತಿರದ ನಂಟಿನ ಮೀನುಗಳು ಕಚ್ಚಿದವು. ಒಂದು ಮಗುವಿನ ಬೆರಳಿನ ತುಂಡೇ ಹೋಯಿತು. ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ನೀರಿನಲ್ಲಿ ಸಿಕ್ಕ ಶವಗಳ ಮೇಲೆ ಪಿರಾನಾ ಕಚ್ಚಿದ ಗುರುತು ಇರುವುದೂ ಉಂಟು, ಆದರೆ ಅಲ್ಲಿ ಆ ಜನ ಸಾಮಾನ್ಯವಾಗಿ ಮೊದಲೇ ಮುಳುಗಿ ಸತ್ತಿರುತ್ತಾರೆ.

ಬ್ರೆಜಿಲ್‌ನ ಸಾವೊ ಪಾಲೊ ರಾಜ್ಯದಲ್ಲಿ ನದಿಗೆ ಅಣೆಕಟ್ಟು ಕಟ್ಟಿ ನಿಂತ ನೀರಿನಲ್ಲಿ ಈಜುವವರಿಗೆ ಆಗುವ ಗಾಯಗಳನ್ನು ನೋಡಿದರೆ ವಿಷಯ ಸ್ಪಷ್ಟ. ಹೆಚ್ಚಾಗಿ ಕಾಲಿಗೆ, ಒಂದೇ ಕಡಿತ. ನಿಂತ ನೀರಿನಲ್ಲಿ ಕಳೆ ಬೆಳೆಯುತ್ತದೆ, ಆ ಕಳೆಯ ನಡುವೆ ಪಿರಾನಾ ಮೊಟ್ಟೆಯಿಟ್ಟು ಕಾವಲು ಕಾಯುತ್ತದೆ. ಯಾರದೋ ಪಾದ ಅತ್ತ ಬರುತ್ತದೆ. ಮೀನು ನುಗ್ಗಿ ಒಮ್ಮೆ ಕಚ್ಚಿ, ಮತ್ತೆ ಮೊಟ್ಟೆಯ ಹತ್ತಿರ ಹೋಗಿ ನಿಲ್ಲುತ್ತದೆ.