ರೆಟಿನಾಯ್ಡ್: ಹಾರ್ಮೋನಿನ ಹಾಗೆ ದುಡಿಯುವ ವಿಟಮಿನ್

ಅಂಗನವಾಡಿಯಲ್ಲಿ ಮಕ್ಕಳಿಗೆ ಆರು ತಿಂಗಳಿಗೊಮ್ಮೆ ವಿಟಮಿನ್ ಎ ಕುಡಿಸುತ್ತಾರೆ. ಒಂಬತ್ತು ತಿಂಗಳ ಕೂಸಿಗೆ 1 ಲಕ್ಷ ಯೂನಿಟ್, ಆಮೇಲೆ ಐದು ವರ್ಷ ತುಂಬುವವರೆಗೆ ಪ್ರತಿ ಸಲ 2 ಲಕ್ಷ. ಶಿಡ್ಲಘಟ್ಟದ ಹತ್ತಿರ ನಮ್ಮೂರಿನಲ್ಲಿ ತಂಗಿಯ ಮಗಳನ್ನು ಕರೆದುಕೊಂಡು ಹೋಗಿದ್ದಾಗ ಮೊಮ್ಮಗಳನ್ನು ಕರೆತಂದು ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಕೇಳಿದರು: "ಅಲ್ಲಪ್ಪಾ, ಊಟ ದಿನಾ ಬೇಕು. ಇದು ಮಾತ್ರ ಆರು ತಿಂಗಳಿಗೆ ಒಂದ್ಸಲ ಸಾಕಾ? ಬರೀ ಕಣ್ಣಿಗೇನಾ ಇದು?"

ಮೊದಲ ಪ್ರಶ್ನೆಗೆ ಉತ್ತರ ಸುಲಭ. ವಿಟಮಿನ್ ಎ ಕೊಬ್ಬಿನಲ್ಲಿ ಕರಗುತ್ತದೆ, ಲಿವರ್‌ನಲ್ಲಿ ದಾಸ್ತಾನಾಗುತ್ತದೆ. ಬೇಕಾದಾಗ ಸ್ವಲ್ಪ ಸ್ವಲ್ಪವೇ ರಕ್ತಕ್ಕೆ ಇಳಿಯುತ್ತದೆ. ಕಣಜದಲ್ಲಿ ರಾಗಿ ಇದ್ದ ಹಾಗೆ. ಎರಡನೇ ಪ್ರಶ್ನೆ ದೊಡ್ಡದು. ಅದರ ಉತ್ತರ ರೆಟಿನಾಯ್ಡ್ ಅನ್ನುವ ಪದದಲ್ಲಿದೆ.

ಕಣ್ಣಿನ ಹಿಂಬದಿಯಲ್ಲಿ ಬೆಳಕು ಹಿಡಿಯುವ ಪದರಕ್ಕೆ ರೆಟಿನಾ ಅನ್ನುತ್ತಾರೆ. ವಿಟಮಿನ್ ಎ ಅಲ್ಲಿ ಕೆಲಸ ಮಾಡುತ್ತದೆ ಅಂತ ಅದಕ್ಕೆ ರೆಟಿನಾಲ್ ಅನ್ನುವ ಹೆಸರು ಬಂತು. ರೆಟಿನಾಲ್ ಮತ್ತು ಅದರಿಂದ ಹುಟ್ಟುವ, ಅದನ್ನು ಹೋಲುವ ವಸ್ತುಗಳೆಲ್ಲ ಸೇರಿ ರೆಟಿನಾಯ್ಡ್‌ಗಳು. ಈ ಮನೆತನದಲ್ಲಿ ಮೂವರನ್ನು ನೆನಪಿಟ್ಟುಕೊಂಡರೆ ಸಾಕು. ರೆಟಿನಾಲ್ ರಕ್ತದಲ್ಲಿ ಓಡಾಡುವ ರೂಪ. ರೆಟಿನಾಲ್ಡಿಹೈಡ್ ಕಣ್ಣಿನ ರೂಪ. ಇದು ಕಮ್ಮಿಯಾದರೆ ಇರುಳುಗುರುಡು. ಮೂರನೆಯದು ರೆಟಿನಾಯ್ಕ್ ಆಮ್ಲ. ಇದಕ್ಕೂ ನೋಟಕ್ಕೂ ನೇರ ಸಂಬಂಧವಿಲ್ಲ. ಇದರ ಕೆಲಸ ಹಾರ್ಮೋನಿನ ಕೆಲಸ.

ಇದು ಗೊತ್ತಾದ ಬಗೆ ನನಗೆ ತುಂಬಾ ಇಷ್ಟ. ಬೆಣ್ಣೆಯಲ್ಲಿ, ಮೊಟ್ಟೆಯ ಹಳದಿಯಲ್ಲಿ ಇಲಿಗಳನ್ನು ಬೆಳೆಸುವ ಏನೋ ಒಂದಿದೆ ಅಂತ 1913ರಲ್ಲಿ ಅಮೆರಿಕದ ಎಲ್ಮರ್ ಮೆಕಾಲಮ್ ಮತ್ತು ಮಾರ್ಗರೈಟ್ ಡೇವಿಸ್ ಕಂಡುಕೊಂಡರು. ಅದೇ ಮುಂದೆ ವಿಟಮಿನ್ ಎ ಆಯಿತು. 1960ರಲ್ಲಿ ಜಾನ್ ಡೌಲಿಂಗ್ ಮತ್ತು ಜಾರ್ಜ್ ವಾಲ್ಡ್ ಇನ್ನೊಂದು ಪ್ರಯೋಗ ಮಾಡಿದರು. ಇಲಿಗಳಿಗೆ ವಿಟಮಿನ್ ಎ ಪೂರ್ತಿ ನಿಲ್ಲಿಸಿ, ಬರೀ ರೆಟಿನಾಯ್ಕ್ ಆಮ್ಲ ಕೊಟ್ಟರು. ಇಲಿಗಳು ಸಾಯಲಿಲ್ಲ. ಚೆನ್ನಾಗಿ ಬೆಳೆದವು, ತೂಕ ಹೆಚ್ಚಿತು. ಆದರೆ ಮೊದಲು ಇರುಳುಗುರುಡು, ಆಮೇಲೆ ಪೂರ್ತಿ ಕುರುಡು. ಯಾಕೆ? ಆಮ್ಲವಾದ ಮೇಲೆ ಹಿಂದಕ್ಕೆ ಬರುವ ದಾರಿ ಇಲ್ಲ. ಹಾಲು ಮೊಸರಾದ ಹಾಗೆ. ಅದರಿಂದ ಕಣ್ಣಿಗೆ ಬೇಕಾದ ರೂಪ ಮತ್ತೆ ಆಗುವುದಿಲ್ಲ. ಒಂದೇ ವಿಟಮಿನ್ನಿಗೆ ಎರಡು ಬೇರೆ ಬೇರೆ ಕೆಲಸಗಳಿವೆ ಅನ್ನುವುದು ಅಲ್ಲಿಗೆ ಕಣ್ಣಾರೆ ಕಂಡಂತಾಯಿತು.

ಹಾಗಾದರೆ ಆ ಎರಡನೇ ಕೆಲಸ ಏನು? ಇನ್ಸುಲಿನ್ ಥರದ ಹಾರ್ಮೋನು ಜೀವಕೋಶದ ಬಾಗಿಲಲ್ಲೇ ನಿಂತು ಸುದ್ದಿ ಮುಟ್ಟಿಸುತ್ತದೆ. ಥೈರಾಯ್ಡ್ ಹಾರ್ಮೋನು, ಈಸ್ಟ್ರೋಜನ್, ಕಾರ್ಟಿಸಾಲ್ ಹಾಗಲ್ಲ. ಅವು ಕೋಶದೊಳಗೇ ಹೋಗಿ, ಅಲ್ಲಿ ತಮಗಾಗಿ ಇರುವ ರಿಸೆಪ್ಟರ್ ಪ್ರೋಟೀನಿಗೆ ಅಂಟಿಕೊಳ್ಳುತ್ತವೆ. ಆ ರಿಸೆಪ್ಟರ್ ಡಿಎನ್‌ಎ ಮೇಲೆ ಕೂತು ಯಾವ ಜೀನ್ ಕೆಲಸ ಶುರು ಮಾಡಬೇಕು, ಯಾವುದು ಸುಮ್ಮನಿರಬೇಕು ಅಂತ ನಿರ್ಧರಿಸುತ್ತದೆ. 1987ರಲ್ಲಿ ಫ್ರಾನ್ಸಿನ ಪಿಯರ್ ಶಾಂಬೋ ತಂಡ ಮತ್ತು ಅಮೆರಿಕದ ರೊನಾಲ್ಡ್ ಎವಾನ್ಸ್ ತಂಡ ಬೇರೆ ಬೇರೆಯಾಗಿಯೇ ರೆಟಿನಾಯ್ಕ್ ಆಮ್ಲದ ರಿಸೆಪ್ಟರ್ ಹುಡುಕಿದವು. ಅದು ಈ ಹಾರ್ಮೋನುಗಳ ರಿಸೆಪ್ಟರ್‌ಗಳ ಕುಲದ್ದೇ ಆಗಿತ್ತು! ತಿನ್ನುವ ಸೊಪ್ಪಿನಿಂದ ಬಂದ ವಸ್ತು, ಗ್ರಂಥಿಯಿಂದ ಬಂದ ಹಾರ್ಮೋನಿನ ಸಾಲಿನಲ್ಲೇ ಕೂತಿತ್ತು. ಮನುಷ್ಯರಲ್ಲಿ ಈ ಕುಲದ ರಿಸೆಪ್ಟರ್‌ಗಳು ಒಟ್ಟು 48 ಇವೆ.

ಒಂದು ವ್ಯತ್ಯಾಸ ಹೇಳಲೇಬೇಕು. ಹಾರ್ಮೋನು ಒಂದು ಗ್ರಂಥಿಯಲ್ಲಿ ಹುಟ್ಟಿ ದೂರಕ್ಕೆ ಹೋಗುತ್ತದೆ. ರೆಟಿನಾಯ್ಕ್ ಆಮ್ಲ ಹೆಚ್ಚಾಗಿ ಬೇಕಾದ ಜಾಗದಲ್ಲೇ ತಯಾರಾಗುತ್ತದೆ, ಕೆಲಸ ಮುಗಿದ ಕೂಡಲೇ ಅಲ್ಲೇ ನಾಶವಾಗುತ್ತದೆ. ಹೊಟ್ಟೆಯಲ್ಲಿರುವ ಮಗುವಿನ ಹೃದಯ, ಬೆನ್ನುಹುರಿ, ಕೈಕಾಲು ರೂಪುಗೊಳ್ಳುವಾಗ ಎಲ್ಲಿ ಎಷ್ಟು ಆಮ್ಲ ಇದೆ ಅನ್ನುವುದೇ ಲೆಕ್ಕ. ಕಮ್ಮಿಯಾದರೂ ತೊಂದರೆ, ಜಾಸ್ತಿಯಾದರೂ ತೊಂದರೆ. ಅದಕ್ಕೇ ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಮಾತ್ರೆಯನ್ನು ಬಸುರಿಯರು ಖಂಡಿತ ತೆಗೆದುಕೊಳ್ಳಬಾರದು. ಅದೂ ರೆಟಿನಾಯ್ಡೇ. ಯಾರೋ ಗೆಳತಿಗೆ ಕೆಲಸ ಮಾಡಿತು ಅಂತ ಸುಮ್ನೆ ಕೊಂಡು ನುಂಗುವ ಮಾತ್ರೆ ಅಲ್ಲ ಇದು. ದಯವಿಟ್ಟು ಮನೆಯ ಹೆಣ್ಣುಮಕ್ಕಳಿಗೆ ಹೇಳಿ.

ಸೊಪ್ಪು ತರಕಾರಿಯಿಂದ ಈ ಭಯ ಇಲ್ಲ. ಅಲ್ಲಿರುವುದು ಬೀಟಾ ಕ್ಯಾರೋಟಿನ್ ಅನ್ನುವ ಹಳದಿ ಬಣ್ಣದ ವಸ್ತು. ದೇಹ ತನಗೆ ಬೇಕಾದಷ್ಟನ್ನು ಮಾತ್ರ ಮುರಿದು ವಿಟಮಿನ್ ಎ ಮಾಡಿಕೊಳ್ಳುತ್ತದೆ. ನುಗ್ಗೆಸೊಪ್ಪು, ದಂಟಿನ ಸೊಪ್ಪು, ಶ್ರೀನಿವಾಸಪುರದ ಮಾವಿನಹಣ್ಣು ಎಲ್ಲದರಲ್ಲೂ ಅದು ಇದೆ. ಸೊಪ್ಪಿನ ಹಸಿರು ಆ ಹಳದಿಯನ್ನು ಮರೆಮಾಡಿರುತ್ತದೆ ಅಷ್ಟೆ. ಆದರೆ ಕೋಲಾರದ ಟೊಮೇಟೊದ ಕೆಂಪು ಬಣ್ಣ ಲೈಕೋಪೀನಿನದು, ಅದರಿಂದ ವಿಟಮಿನ್ ಎ ಆಗುವುದಿಲ್ಲ. ಬಸ್ಸಾರಿಗೆ ಎಣ್ಣೆಯ ಒಗ್ಗರಣೆ ಹಾಕುತ್ತೇವಲ್ಲ, ಅದು ಬರೀ ರುಚಿಗಲ್ಲ. ಸ್ವಲ್ಪ ಕೊಬ್ಬು ಇದ್ದರೇನೇ ಕ್ಯಾರೋಟಿನ್ ಮೈಗೆ ಹತ್ತುವುದು.

ರೆಟಿನಾಯ್ಡ್ ಕಥೆಯಲ್ಲಿ ಇನ್ನೊಂದು ರಿಸೆಪ್ಟರ್ ಇದೆ: ರೆಟಿನಾಯ್ಡ್ ಎಕ್ಸ್ ರಿಸೆಪ್ಟರ್, ಚಿಕ್ಕದಾಗಿ ಆರ್‌ಎಕ್ಸ್‌ಆರ್. 1990ರಲ್ಲಿ ಸಿಕ್ಕಿದಾಗ ಇದಕ್ಕೆ ಯಾವ ವಸ್ತು ಅಂಟುತ್ತದೆ ಅಂತ ಗೊತ್ತಿರಲಿಲ್ಲ, ಅದಕ್ಕೇ ಹೆಸರಿನಲ್ಲಿ ಎಕ್ಸ್. ಇದು ಊರವರಿಗೆಲ್ಲ ಜೊತೆಯಾಗುವ ಎತ್ತು. ಒಂಟಿ ಎತ್ತಿನಲ್ಲಿ ಉಳುಮೆ ಆಗುವುದಿಲ್ಲ ಅಲ್ವಾ? ರೆಟಿನಾಯ್ಕ್ ಆಮ್ಲದ ರಿಸೆಪ್ಟರ್ ಆರ್‌ಎಕ್ಸ್‌ಆರ್ ಜೊತೆ ನೊಗ ಹೊತ್ತೇ ಡಿಎನ್‌ಎ ಮೇಲೆ ಕೂರುವುದು. ಥೈರಾಯ್ಡ್ ಹಾರ್ಮೋನಿನ ರಿಸೆಪ್ಟರ್ ಕೂಡ ಇದನ್ನೇ ಜೊತೆಗೆ ಕರೆಯುತ್ತದೆ. ವಿಟಮಿನ್ ಡಿ ರಿಸೆಪ್ಟರ್ ಕೂಡ. ಹೀಗಾಗಿ ವಿಟಮಿನ್ ಎ ಕಥೆಯ ಒಂದು ರಿಸೆಪ್ಟರ್ ಎಷ್ಟೋ ಹಾರ್ಮೋನುಗಳ ಕೆಲಸದಲ್ಲಿ ಕೈ ಹಾಕಿದೆ.

ಇನ್ನು ಅಜ್ಜಿಗೆ ಹೇಳಬೇಕಾದ ಮಾತು. ಅವರ ಮನೆಯಲ್ಲಿ ರೇಷ್ಮೆ ಸಾಕುತ್ತಾರೆ. ನಮ್ಮ ಕಡೆ ಹುಳಕ್ಕೆ ಜ್ವರ ಅಂದರೆ ಕಾಯಿಲೆ ಅಲ್ಲ, ಪೊರೆ ಬಿಡುವ ಸಮಯ. ನಾಲ್ಕು ಜ್ವರ ದಾಟಿ, ಹಣ್ಣಾಗಿ, ಹುಳ ಗೂಡು ಕಟ್ಟಲು ಚಂದ್ರಿಕೆಗೆ ಹೋಗುತ್ತದೆ. ಜ್ವರ ಬರಿಸುವ ಹಾರ್ಮೋನಿನ ಹೆಸರು ಎಕ್ಡೈಸೋನ್. 1954ರಲ್ಲಿ ಜರ್ಮನಿಯ ಬುಟೆನಾಂಟ್ ಮತ್ತು ಕಾರ್ಲ್‌ಸನ್ ಸುಮಾರು 500 ಕಿಲೋ ರೇಷ್ಮೆ ಪ್ಯೂಪಾಗಳಿಂದ (ಗೂಡಿನೊಳಗಿನ ಹುಳಗಳಿಂದ) ಬರೀ 25 ಮಿಲಿಗ್ರಾಂ ತೆಗೆದಿದ್ದರು. ಈ ಹಾರ್ಮೋನಿನ ರಿಸೆಪ್ಟರ್ ಕೂಡ ಒಂಟಿಯಾಗಿ ದುಡಿಯುವುದಿಲ್ಲ. ಅದರ ಜೊತೆ ನೊಗ ಹೊರುವ ಪ್ರೋಟೀನು ನಮ್ಮ ಆರ್‌ಎಕ್ಸ್‌ಆರ್‌ನ ಹುಳದ ರೂಪ. ಅಂಗನವಾಡಿಯಲ್ಲಿ ಮೊಮ್ಮಗಳು ಕುಡಿದ ಚಮಚ ಮದ್ದು ಅವಳ ಮೈಯಲ್ಲಿ ಯಾವ ಜೋಡಿಯ ಹತ್ತಿರ ಹೋಗುತ್ತದೋ, ಆ ಜೋಡಿಯ ಒಂದು ಎತ್ತಿನ ದಾಯಾದಿ, ಅಜ್ಜಿಯ ಮನೆಯ ತಟ್ಟೆಯಲ್ಲಿ ಸೊಪ್ಪು ಬಿಟ್ಟು ತಲೆ ಎತ್ತಿ ಅಲ್ಲಾಡದೆ ಕೂತ ಹುಳದೊಳಗೂ ಇದೆ.