ಓಡಿದರೆ ಒರಿಜಿನಲ್ಲಾ? ಹಳೆ ಗೇಮ್ ಕ್ಯಾಸೆಟ್ಟಿನ ಹೊಟ್ಟೆಯೊಳಗೆ

ಹಳೆ ವಿಡಿಯೋ ಗೇಮ್ ಕ್ಯಾಸೆಟ್ಟು ಅಸಲಿಯೋ ನಕಲಿಯೋ ಅಂತ ತಿಳಿಯಲು ನಮ್ಮ ಕಾಸರಗೋಡು ಕಡೆ ಒಂದೇ ಪರೀಕ್ಷೆ. ಹಾಕಿ ನೋಡುವುದು. ಮಾರಿಯೋ ಓಡಿದರೆ ಒರಿಜಿನಲ್, ಓಡದಿದ್ದರೆ ಡೂಪ್ಲಿಕೇಟ್. ಇಷ್ಟು ದಡ್ಡ ಪರೀಕ್ಷೆ ಇನ್ನೊಂದಿಲ್ಲ ಮಾರಾಯ್ರೆ.

ಯಾಕೆ ಅಂದರೆ ನಕಲಿ ಕ್ಯಾಸೆಟ್ಟೂ ಓಡುತ್ತದೆ, ಚೆನ್ನಾಗಿಯೇ ಓಡುತ್ತದೆ. ಮೊದಲ ಸೂಪರ್ ಮಾರಿಯೋ ಬ್ರದರ್ಸ್ ಗೇಮಿನ ಇಡೀ ಗಾತ್ರ 40 ಕಿಲೋಬೈಟ್. ಬೆಳಿಗ್ಗೆ ವಾಟ್ಸಾಪ್‌ನಲ್ಲಿ ಬರುವ ಗುಡ್ ಮಾರ್ನಿಂಗ್ ಚಿತ್ರ ಅದಕ್ಕಿಂತ ದೊಡ್ಡದು. ಅಷ್ಟು ಸಣ್ಣ ಮಾಹಿತಿಯನ್ನು ಒಂದು ಬಿಟ್ಟೂ, ಅಂದರೆ ಒಂದು ಸೊನ್ನೆಯೂ ಒಂದೂ, ತಪ್ಪದೆ ನಕಲು ಮಾಡಬಹುದು. ಸ್ವಲ್ಪ ತಿಳಿದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕ್ಯಾಸೆಟ್ಟಿನ ಮಾಹಿತಿ ತೆಗೆದು ಚೆಕ್‌ಸಮ್ (ಇಡೀ ಮಾಹಿತಿಯಿಂದ ಲೆಕ್ಕ ಹಾಕಿದ ಒಂದು ಗುರುತಿನ ಸಂಖ್ಯೆ) ಲೆಕ್ಕ ಹಾಕಿ, ಅಸಲಿಯದ್ದರ ಜೊತೆ ಹೋಲಿಸಿ, "ನೋಡಿ, ಮ್ಯಾಚ್ ಆಯ್ತು!" ಅಂತ ಬೀಗುತ್ತಾರೆ. ಮ್ಯಾಚ್ ಆಗಲೇಬೇಕಲ್ವಾ? ಒಳ್ಳೆಯ ನಕಲು ಅಂದರೇ ಅದು. ಮಾಹಿತಿಗೆ ವಯಸ್ಸಿಲ್ಲ. ವಯಸ್ಸು ಇರುವುದು ಆ ಮಾಹಿತಿ ಕೂತಿರುವ ಸಿಲಿಕಾನಿಗೆ, ಬೆಸುಗೆಗೆ, ಪ್ಲಾಸ್ಟಿಕ್ಕಿಗೆ, ಲೇಬಲ್ಲಿನ ಶಾಯಿಗೆ.

ಈ ಚರ್ಚೆಗೆ ಇಷ್ಟು ಕಾವು ಬಂದದ್ದು ದುಡ್ಡಿನಿಂದ. 2021ರ ಜುಲೈಯಲ್ಲಿ ಸೀಲ್ ಒಡೆಯದ ಒಂದು ಸೂಪರ್ ಮಾರಿಯೋ 64 ಅಮೆರಿಕದ ಹರಾಜಿನಲ್ಲಿ 15 ಲಕ್ಷ 60 ಸಾವಿರ ಡಾಲರಿಗೆ ಹೋಯಿತು. ನಿಂಟೆಂಡೊ ಕಂಪನಿ 1990ರಲ್ಲಿ ನಡೆಸಿದ ಸ್ಪರ್ಧೆಗಾಗಿ ಮಾಡಿದ ಕ್ಯಾಸೆಟ್ಟುಗಳಲ್ಲಿ ಆಟಗಾರರಿಗೆ ಹಂಚಿದ ಬೂದು ಬಣ್ಣದವು 90, ಬಹುಮಾನಕ್ಕೆ ಕೊಟ್ಟ ಚಿನ್ನದ ಬಣ್ಣದವು 26. ಇಂಥ ಸುದ್ದಿ ಓದಿದ ಮೇಲೆ ಉಪ್ಪಳದಿಂದ ಬದಿಯಡ್ಕದವರೆಗೆ ಎಷ್ಟು ಅಟ್ಟಗಳ ಧೂಳು ಕೊಡವಿದರೋ ದೇವರಿಗೇ ಗೊತ್ತು.

ನಮ್ಮ ಅಟ್ಟಗಳಲ್ಲಿ ಕ್ಯಾಸೆಟ್ಟುಗಳು ಇರುವುದು ಸತ್ಯವೇ. ಗಲ್ಫಿಗೆ ಹೋದವರು ರಜೆಗೆ ಬರುವಾಗ ಟೈಗರ್ ಬಾಮು, ಅತ್ತರು, ಟೇಪ್‌ರೆಕಾರ್ಡರಿನ ಜೊತೆ ಟಿವಿ ಗೇಮೂ ತರುತ್ತಿದ್ದರು. ಆದರೆ ಅವುಗಳಲ್ಲಿ ನಿಂಟೆಂಡೊ ಮಾಡಿದ್ದು ಸಿಕ್ಕರೆ ಪುಣ್ಯ. ಹೆಚ್ಚುಕಡಿಮೆ ಎಲ್ಲವೂ ನಕಲಿ ಮೆಷಿನ್ನು, ನಕಲಿ ಕ್ಯಾಸೆಟ್ಟು. ಇದಕ್ಕೊಂದು ತಾಂತ್ರಿಕ ಕಾರಣ ಉಂಟು. ನಿಂಟೆಂಡೊ 1983ರಲ್ಲಿ ಜಪಾನಿನಲ್ಲಿ ಬಿಟ್ಟ ಫ್ಯಾಮಿಕಾಮ್ ಮೆಷಿನ್ನಿಗೆ ಬೀಗವೇ ಇರಲಿಲ್ಲ. ಯಾರು ಕ್ಯಾಸೆಟ್ ಮಾಡಿದರೂ ಅದು ಓಡಿಸುತ್ತಿತ್ತು. 1985ರಲ್ಲಿ ಅದನ್ನೇ ವೇಷ ಬದಲಿಸಿ ಎನ್‌ಇಎಸ್ ಅಂತ ಅಮೆರಿಕಕ್ಕೆ ಕಳಿಸುವಾಗ ಒಳಗೊಂದು ಬೀಗದ ಚಿಪ್ ಇಟ್ಟರು. ಅದರ ಜೋಡಿ ಚಿಪ್ ಪ್ರತಿ ಕ್ಯಾಸೆಟ್ಟಿನಲ್ಲೂ ಇರಬೇಕು. ಎರಡೂ ಒಂದೇ ತಾಳದಲ್ಲಿ ಸಂಖ್ಯೆ ಹೇಳುತ್ತಾ ಹೋಗಬೇಕು, ತಾಳ ತಪ್ಪಿದರೆ ಮೆಷಿನ್ ಸುಮಾರು ಸೆಕೆಂಡಿಗೊಮ್ಮೆ ತನ್ನನ್ನು ತಾನೇ ರೀಸೆಟ್ ಮಾಡಿಕೊಳ್ಳುತ್ತದೆ. ಹಳೆ ಎನ್‌ಇಎಸ್‌ನಲ್ಲಿ ಪರದೆ ಮಿಣುಕುವುದು ಇದರಿಂದಲೇ. ಏಷ್ಯಾದ ನಕಲಿಗಾರರು ಸಹಜವಾಗಿ ಬೀಗವಿಲ್ಲದ ಬಾಗಿಲಿಗೇ ನುಗ್ಗಿದರು. ಹಾಗಾಗಿ ನಿಮ್ಮ ಮನೆಯ ಕ್ಯಾಸೆಟ್ಟಿನ ಬಾಯಲ್ಲಿ 60 ಪಿನ್ ಇದ್ದರೆ ಅದು ಫ್ಯಾಮಿಕಾಮ್ ವಂಶ. ಎನ್‌ಇಎಸ್‌ನದ್ದು 72. ಎಣಿಸಿ ನೋಡಿ, ಅರ್ಧ ಕನಸು ಅಲ್ಲೇ ಇಳಿಯುತ್ತದೆ. "9999 ಇನ್ 1" ಅಂತ ಬರೆದಿದ್ದರೆ ಎಣಿಸುವ ಕೆಲಸವೂ ಬೇಡ. ಒಳಗಿರುವುದು ಬೆರಳೆಣಿಕೆಯ ಗೇಮು, ಉಳಿದದ್ದೆಲ್ಲ ಅವುಗಳದ್ದೇ ಪುನರಾವರ್ತನೆ.

ನಮಗೆ ಈ ರೋಗ ಹೊಸದಲ್ಲ. 2009ರಲ್ಲಿ ಸೌದಿಯಲ್ಲಿ ಹಳೆ ಸಿಂಗರ್ ಹೊಲಿಗೆ ಮೆಷಿನ್ನಿನಲ್ಲಿ ಕೆಂಪು ಪಾದರಸ ಉಂಟು ಅಂತ ಗಾಳಿಸುದ್ದಿ ಹಬ್ಬಿ, ಮೆಷಿನ್ನುಗಳ ಬೆಲೆ ಆಕಾಶಕ್ಕೇರಿತ್ತು. ಸೂಜಿಯ ಹತ್ತಿರ ಮೊಬೈಲ್ ಹಿಡಿದು ಲೈನ್ ಕಟ್ ಆದರೆ ಪಾದರಸ ಇದ್ದಂತೆ ಅನ್ನುವುದು ಆಗಿನ ಪರೀಕ್ಷೆ. ಅಂಥ ಪಾದರಸವೇ ಇಲ್ಲ. ಊರಿನಲ್ಲಿ ಹೆದ್ದಾರಿ ಪಕ್ಕದ ಟವರ್ ಕೆಳಗೇ ಲೈನ್ ಕಟ್ ಆಗುತ್ತದೆ, ಅದಕ್ಕೆ ಏನು ಹೇಳೋಣ?

ಸರಿ, ಚಿಪ್ಪಿಗೆ ಬರೋಣ. ನನಗೆ ನಿಜವಾಗಿ ಹುಚ್ಚು ಹಿಡಿಸಿದ್ದು ಇದು.

ಕ್ಯಾಸೆಟ್ಟಿನ ಮೆಮರಿ ಚಿಪ್ಪನ್ನು ಮೇಲಿನಿಂದ ಕಂಡ ಅಡಿಕೆ ತೋಟ ಅಂದುಕೊಳ್ಳಿ. ಉದ್ದಕ್ಕೆ ಸಾಲು, ಅಡ್ಡಕ್ಕೆ ಸಾಲು, ಎರಡು ಸೇರುವ ಕಡೆ ಒಂದು ಗುಂಡಿ. 32 ಕಿಲೋಬೈಟಿನ ಚಿಪ್ಪಿನಲ್ಲಿ ಇಂಥ 2,62,144 ಗುಂಡಿ. ಕಾರ್ಖಾನೆಯ ಅಸಲಿ ಚಿಪ್ಪಿನ ಹೆಸರು ಮಾಸ್ಕ್ ರಾಮ್ (ROM, ಓದಲು ಮಾತ್ರ ಬರುವ ಮೆಮರಿ). ಇದರಲ್ಲಿ ಯಾವ ಗುಂಡಿಯಲ್ಲಿ ಗಿಡ ಇರಬೇಕು, ಯಾವುದು ಖಾಲಿ ಇರಬೇಕು ಅನ್ನುವುದು ನೆಡುವಾಗಲೇ ತೀರ್ಮಾನ. ಗಿಡ ಅಂದರೆ ಕೆಲಸ ಮಾಡುವ ಟ್ರಾನ್ಸಿಸ್ಟರ್. ಗೇಮಿನ ಸೊನ್ನೆ-ಒಂದುಗಳ ನಕ್ಷೆಯನ್ನು ಗಾಜಿನ ತಟ್ಟೆಯ ಮೇಲೆ ಮೂಡಿಸಿ, ಅದರ ಮೂಲಕ ಬೆಳಕು ಹಾಯಿಸಿ, ಸಿಲಿಕಾನಿನ ಮೇಲೆ ಅದೇ ನಕ್ಷೆ ಬರುವಂತೆ ಮಾಡುತ್ತಾರೆ. ಮಾಸ್ಕ್ ಅಂದರೆ ಆ ಗಾಜಿನ ತಟ್ಟೆ. ಆಮೇಲೆ ಒಂದು ಗಿಡ ಕೀಳಲಿಕ್ಕೂ ಆಗದು, ಸೇರಿಸಲಿಕ್ಕೂ ಆಗದು. ಗೇಮು ಅಲ್ಲಿ ಬರವಣಿಗೆಯಾಗಿ ಇಲ್ಲ, ಚಿಪ್ಪಿನ ಆಕಾರವೇ ಗೇಮು.

ಈಪ್ರಾಮ್ (EPROM) ಅನ್ನುವುದು ಬೇರೆ ಜಾತಿ, ಅಳಿಸಿ ಮತ್ತೆ ಬರೆಯಬಹುದಾದ ಚಿಪ್. 1971ರಲ್ಲಿ ಇಂಟೆಲ್‌ನ ಡೋವ್ ಫ್ರೊಮನ್ ಕಂಡುಹಿಡಿದದ್ದು. ಇಲ್ಲಿ ಎಲ್ಲ ಗುಂಡಿಯಲ್ಲೂ ಗಿಡ ಇದ್ದೇ ಇದೆ. ಬೇಕಾದ ಗಿಡಗಳಿಗೆ ಮಾತ್ರ ಗುರುತು ಕಟ್ಟುವುದು. ಆ ಗುರುತು ಎಲೆಕ್ಟ್ರಾನುಗಳದ್ದು. ಪ್ರತಿ ಟ್ರಾನ್ಸಿಸ್ಟರಿನಲ್ಲೂ ಸುತ್ತ ಗಾಜಿನಂಥ ಆಕ್ಸೈಡ್ ಹೊದ್ದು ಯಾವ ತಂತಿಗೂ ತಾಗದೆ ಕೂತ ಒಂದು ಪದರ ಉಂಟು. ಹತ್ತಾರು ವೋಲ್ಟ್ ಕೊಟ್ಟು ತಳ್ಳಿದರೆ ಎಲೆಕ್ಟ್ರಾನುಗಳು ಆಕ್ಸೈಡ್ ಹಾರಿ ಒಳಗೆ ಬೀಳುತ್ತವೆ, ಮತ್ತೆ ಹೊರಗೆ ಬರಲಾಗದೆ ಸಿಕ್ಕಿಕೊಳ್ಳುತ್ತವೆ. ಅವು ಇದ್ದರೆ ಒಂದು ಅರ್ಥ, ಇಲ್ಲದಿದ್ದರೆ ಇನ್ನೊಂದು. ಅಳಿಸಬೇಕಾದರೆ ಚಿಪ್ಪಿನ ನೆತ್ತಿಯ ಮೇಲಿರುವ ಸಣ್ಣ ಸ್ಫಟಿಕದ ಕಿಟಕಿಗೆ ನೇರಳಾತೀತ ಬೆಳಕು ಬಿಡಬೇಕು. 254 ನ್ಯಾನೋಮೀಟರಿನ ಬೆಳಕಿನ ಒಂದೊಂದು ಕಣದಲ್ಲೂ ಎಲೆಕ್ಟ್ರಾನನ್ನು ಆಕ್ಸೈಡ್ ದಾಟಿಸುವಷ್ಟು ಶಕ್ತಿ ಇರುತ್ತದೆ. ಹದಿನೈದು-ಇಪ್ಪತ್ತು ನಿಮಿಷದಲ್ಲಿ ಎಲ್ಲ ಗುರುತೂ ಮಾಯ. ನೇರ ಬಿಸಿಲಿಗೆ ಇಟ್ಟರೆ ಸುಮಾರು ಒಂದು ವಾರ, ಟ್ಯೂಬ್‌ಲೈಟಿನ ಕೆಳಗಾದರೆ ಸುಮಾರು ಮೂರು ವರ್ಷ ಅಂತ ಚಿಪ್ ಮಾಡಿದವರೇ ಎಚ್ಚರಿಸುತ್ತಿದ್ದರು. ಅದಕ್ಕೇ ಕಿಟಕಿಯ ಮೇಲೆ ಯಾವಾಗಲೂ ಒಂದು ಸ್ಟಿಕ್ಕರ್.

ಈಗ ಖರ್ಚಿನ ಲೆಕ್ಕ ನೋಡಿ. ಒಂದು ಮಾಸ್ಕ್ ಮಾಡಿಸಬೇಕಾದರೆ ಕಾರ್ಖಾನೆ ಸಾವಿರಗಟ್ಟಲೆ ಚಿಪ್ಪಿನ ಆರ್ಡರ್ ಕೇಳುತ್ತದೆ, ವಾರಗಟ್ಟಲೆ ಕಾಯಿಸುತ್ತದೆ. ಹತ್ತು ನಕಲಿ ಮಾಡಿ ಮಾರುವವನಿಗೆ ಅದು ಸಾಧ್ಯವೇ ಇಲ್ಲ. ಅವನು ಈಪ್ರಾಮ್ ಅಥವಾ ಈಗಿನ ಫ್ಲಾಶ್ ಚಿಪ್ಪೇ ಹಾಕಬೇಕು. ಎಷ್ಟೇ ಜಾಣನಾದರೂ ಇಲ್ಲಿ ಸಿಕ್ಕಿಬೀಳುತ್ತಾನೆ. ಆದರೆ ಈಪ್ರಾಮ್ ಕಂಡ ಕೂಡಲೇ ನಕಲಿ ಅನ್ನುವ ಹಾಗೂ ಇಲ್ಲ. ಗೇಮ್ ತಯಾರಾಗುತ್ತಿದ್ದಾಗ ಪರೀಕ್ಷೆಗಾಗಿ ಮಾಡಿದ ಮಾದರಿ ಕ್ಯಾಸೆಟ್ಟುಗಳಲ್ಲಿ ಇರುವುದೂ ಈಪ್ರಾಮೇ. ಅವು ಅಪರೂಪದಲ್ಲಿ ಅಪರೂಪ, ಮತ್ತು ಸಿಕ್ಕಿಕೊಂಡ ಎಲೆಕ್ಟ್ರಾನುಗಳು ವರ್ಷಗಟ್ಟಲೆಯಲ್ಲಿ ಮೆಲ್ಲ ಸೋರುವುದರಿಂದ ಅವುಗಳ ಒಳಗಿನ ಗೇಮು ತಾನಾಗಿ ಅಳಿಯುತ್ತಲೂ ಇರುತ್ತದೆ.

ಹಾಗಾದರೆ ನೋಡುವುದು ಹೇಗೆ? ಕುಂಬಳೆಯ ಒಂದು ಮೊಬೈಲ್ ರಿಪೇರಿ ಅಂಗಡಿಯಲ್ಲಿ ಹಳೆ ಗೇಮಿನ ಹುಚ್ಚಿನ ನಾಲ್ಕೈದು ಹುಡುಗರು ಸೇರುತ್ತಾರೆ. ಶಾರ್ಜಾದಿಂದ ಬಂದ ಒಂದು ಬೂದು ಎನ್‌ಇಎಸ್ ಕ್ಯಾಸೆಟ್ಟನ್ನು ಅಲ್ಲಿ ಬಿಚ್ಚಿದ್ದು ನೋಡಿದೆ. ಸ್ಕ್ರೂ ಬಿಚ್ಚಲು 3.8 ಮಿಲಿಮೀಟರಿನ ವಿಶೇಷ ಬಿಟ್ ಬೇಕು, ಮಾಮೂಲಿ ಸ್ಕ್ರೂಡ್ರೈವರ್ ಆಗುವುದಿಲ್ಲ. ಒಳಗೆ ಹಸಿರು ಸರ್ಕ್ಯೂಟ್ ಹಲಗೆ, ಅದರ ಮೇಲೆ ನಿಂಟೆಂಡೊ ಹೆಸರು, 3193ಎ ಅಂತ ಅಚ್ಚಾದ ಬೀಗದ ಚಿಪ್. ಎಲ್ಲ ಅಪ್ಪಟ ಅಸಲಿ. ಹುಡುಗರಿಗೆ ಖುಷಿಯೋ ಖುಷಿ. ಆದರೆ ಹಲಗೆ ತಿರುಗಿಸಿ ಮೈಕ್ರೋಸ್ಕೋಪಿನ ಕೆಳಗೆ ಇಟ್ಟಾಗ ಒಂದು ಚಿಪ್ಪಿನ ಕಾಲುಗಳ ಸುತ್ತ ಮಾತ್ರ ಕಂದು ಅಂಟು. ಕೈಯಿಂದ ಬೆಸುಗೆ ಹಾಕಿದವನು ಒರೆಸದೆ ಬಿಟ್ಟ ಫ್ಲಕ್ಸ್ ಅದು. ಉಳಿದ ಕಾಲುಗಳ ಬೆಸುಗೆ ಎಲ್ಲ ಒಂದೇ ಸಮ, ಮೆಷಿನ್ನಿನದ್ದು. ಅದೇ ಚಿಪ್ಪಿನ ಮೂರ್ನಾಲ್ಕು ಕಾಲು ಮೇಲಕ್ಕೆ ಮಡಚಿ, ಕೂದಲಿನಂಥ ತಂತಿಯಲ್ಲಿ ಬೇರೆ ತೂತಿಗೆ ಸೇರಿಸಿದ್ದಾರೆ. ನಿಂಟೆಂಡೊದ ಮಾಸ್ಕ್ ರಾಮಿನ ಕಾಲುಗಳ ಕ್ರಮವೂ ಪೇಟೆಯ ಈಪ್ರಾಮಿನ ಕ್ರಮವೂ ಎಲ್ಲ ಕಡೆ ಒಂದೇ ಅಲ್ಲ, ಹಾಗಾಗಿ ಆ ತಂತಿ. ಸ್ಟಿಕ್ಕರ್ ಎತ್ತಿದರೆ ಕಿಟಕಿ. ಅಂದರೆ ಯಾರೋ ಒಂದು ಅಗ್ಗದ ಅಸಲಿ ಕ್ಯಾಸೆಟ್ಟನ್ನು ಕೊಯ್ದು, ದುಬಾರಿ ಗೇಮಿನ ಚಿಪ್ ಕೂರಿಸಿ, ಹೊಸ ಲೇಬಲ್ ಅಂಟಿಸಿದ್ದಾರೆ. ದೇಹ ಅಸಲಿ, ಪ್ರಾಣ ನಕಲಿ.

ಜಗಳ ಬರುವುದು ಇಷ್ಟು ಸ್ಪಷ್ಟ ಇಲ್ಲದಾಗ. ಚಿಪ್ಪಿನ ಬೆನ್ನ ಮೇಲೆ ನಾಲ್ಕು ಅಂಕೆ ಇರುತ್ತದೆ. 8934 ಅಂದರೆ 1989ರ 34ನೇ ವಾರ ತಯಾರಾದದ್ದು. 1987ರ ಗೇಮಿನಲ್ಲಿ 1990ರ ಚಿಪ್ ಕಂಡರೆ ಒಬ್ಬ ನಕಲಿ ಅನ್ನುತ್ತಾನೆ, ಇನ್ನೊಬ್ಬ ಅದು ಆಮೇಲಿನ ಮುದ್ರಣ ಅನ್ನುತ್ತಾನೆ. ಇಬ್ಬರೂ ಸರಿ ಇರಬಹುದು. ಅದಕ್ಕೆ ಒಂದೇ ಹಲಗೆಯ ಮೇಲಿರುವ ಚಿಪ್ಪುಗಳ ವಾರಗಳನ್ನು ಒಂದಕ್ಕೊಂದು ಹೋಲಿಸಬೇಕು. ಎಲ್ಲವೂ ಕೆಲವೇ ತಿಂಗಳ ಅಂತರದಲ್ಲಿದ್ದರೆ ಸಮಾಧಾನ. ಲೇಬಲ್ಲನ್ನು ಭೂತಗನ್ನಡಿಯಲ್ಲಿ ನೋಡಿದರೆ ಆಫ್‌ಸೆಟ್ ಮುದ್ರಣದ ಬಣ್ಣದ ಚುಕ್ಕಿಗಳು ಹೂವಿನ ಎಸಳಿನ ಹಾಗೆ ಸಾಲಾಗಿ ಕೂತಿರುತ್ತವೆ, ಇಂಕ್‌ಜೆಟ್ಟಿನದ್ದಾದರೆ ಎರಚಿದ ಹಾಗೆ ಚೆಲ್ಲಾಪಿಲ್ಲಿ.

ಪ್ಲಾಸ್ಟಿಕ್ ಹಳದಿ ಆಗಿದೆ, ಹಾಗಾಗಿ ಹಳೆಯದು ಅನ್ನುವವರನ್ನು ನಂಬಬೇಡಿ. ಬಿಸಿಲು ಮತ್ತು ಬಿಸಿ ಸಿಕ್ಕರೆ ಬೇಗ ಹಳದಿ ಆಗುತ್ತದೆ, ಹೈಡ್ರೋಜನ್ ಪೆರಾಕ್ಸೈಡ್ ಸವರಿ ನೇರಳಾತೀತ ಬೆಳಕಿಗೆ ಇಟ್ಟರೆ ಮತ್ತೆ ಬೆಳ್ಳಗೂ ಆಗುತ್ತದೆ. ಕಾರ್ಬನ್ ಡೇಟಿಂಗ್ ಮಾಡಿಸಿದರೆ ಆಯ್ತಲ್ಲ ಅನ್ನುವವರೂ ಇದ್ದಾರೆ. ಪ್ಲಾಸ್ಟಿಕ್ ಬಂದದ್ದು ಪೆಟ್ರೋಲಿಯಮ್ಮಿನಿಂದ. ಅದರ ಕಾರ್ಬನ್-14 ಕೋಟ್ಯಂತರ ವರ್ಷ ಹಿಂದೆಯೇ ಮುಗಿದಿದೆ. ಲ್ಯಾಬಿನವರು ನಿಮ್ಮ ಕಾಂಟ್ರಾ ಕ್ಯಾಸೆಟ್ಟಿಗೆ 50,000 ವರ್ಷಕ್ಕೂ ಜಾಸ್ತಿ ವಯಸ್ಸು ಅಂತ ಬರೆದುಕೊಡುತ್ತಾರೆ, ಫ್ರೇಮ್ ಹಾಕಿಸಿ ಇಟ್ಟುಕೊಳ್ಳಿ.

ಇನ್ನು ಕೆಲವು ಸಲ ವಸ್ತುವಿನೊಳಗೆ ಏನೂ ವಿಶೇಷ ಇರುವುದಿಲ್ಲ, ಅದು ಎಲ್ಲಿ ಬಿದ್ದಿತ್ತು ಅನ್ನುವುದೇ ಬೆಲೆ. ಅಟಾರಿ ಎಂಬ ಗೇಮ್ ಕಂಪನಿ 1983ರಲ್ಲಿ ಇ.ಟಿ. ಎಂಬ ಗೇಮೂ ಸೇರಿ ಮಾರಾಟವಾಗದ ಕ್ಯಾಸೆಟ್ಟುಗಳನ್ನು ಅಮೆರಿಕದ ಅಲಮೊಗೊರ್ಡೊ ಎಂಬ ಊರಿನ ಕಸದ ಗುಂಡಿಯಲ್ಲಿ ಹೂತಿತ್ತು. 2014ರ ಏಪ್ರಿಲ್‌ನಲ್ಲಿ ಅಗೆದು ತೆಗೆದರು. ಆಮೇಲೆ ಊರಿನ ಆಡಳಿತವೇ ಪ್ರಮಾಣಪತ್ರ ಕೊಟ್ಟು ಹರಾಜು ಹಾಕಿತು. ಅದೇ ಇ.ಟಿ. ಗೇಮು ಯಾರದೋ ಮನೆಯ ಕಪಾಟಿನಿಂದ ಬಂದದ್ದಾದರೆ ಕೆಲವೇ ಡಾಲರಿಗೆ ಸಿಗುತ್ತದೆ. ಜಜ್ಜಿಹೋಗಿ ಮಣ್ಣು ಮೆತ್ತಿದ್ದಕ್ಕೇ ಬೆಲೆ ಜಾಸ್ತಿ! ಇಲ್ಲಿ ಚಿಪ್ ಪರೀಕ್ಷೆ ಏನೂ ಹೇಳುವುದಿಲ್ಲ, ಕಾಗದವನ್ನೇ ನಂಬಬೇಕು.

ನಮ್ಮ ಅಟ್ಟದ ಕ್ಯಾಸೆಟ್ಟುಗಳ ಬಗ್ಗೆ ಮಾತ್ರ ನನಗೆ ಈಗೀಗ ಗೌರವ ಹೆಚ್ಚಿದೆ. ಅವುಗಳನ್ನು ಬಿಚ್ಚಿದರೆ ಚಿಪ್ಪೇ ಕಾಣುವುದಿಲ್ಲ, ಹಲಗೆಯ ಮೇಲೆ ಕರಿ ಟಾರಿನ ಹನಿಯಂಥ ಒಂದು ಗುಳ್ಳೆ. ಎಪಾಕ್ಸಿ ಎಂಬ ಅಂಟು ಅದು. ಪ್ಯಾಕಿಂಗ್ ಖರ್ಚು ಉಳಿಸಲು ಬರಿಯ ಸಿಲಿಕಾನ್ ಚೂರನ್ನು ಹಲಗೆಗೇ ಅಂಟಿಸಿ, ಮೇಲೆ ಎಪಾಕ್ಸಿ ಸುರಿದಿದ್ದಾರೆ. ಆಗಿನ ನಕಲಿಗಾರರು ಮಾರುತ್ತಿದ್ದದ್ದು ಹತ್ತಿಪ್ಪತ್ತಲ್ಲ, ಲೋಡುಗಟ್ಟಲೆ. ಅವರಿಗೆ ಮಾಸ್ಕ್ ಮಾಡಿಸುವುದೇ ಲಾಭ. ಹಾಗಾಗಿ ಆ ಗುಳ್ಳೆಯ ಕೆಳಗೆ ಎಷ್ಟೋ ಸಲ ನಿಜವಾದ ಮಾಸ್ಕ್ ರಾಮೇ ಇರುತ್ತದೆ. ತಯಾರಿಕೆಯ ರೀತಿ ನೋಡಿದರೆ 1990ರ ದಶಕದ ಆ ಕಳ್ಳ ಕ್ಯಾಸೆಟ್ಟು ಇವತ್ತಿನ ಮಿರಮಿರ ಮಿಂಚುವ "ರಿಪ್ರೊಡಕ್ಷನ್"ಗಿಂತ ಅಸಲಿಗೇ ಹತ್ತಿರ. ಇಂಥ ಹಳೆ ನಕಲಿಗಳಿಗೂ ಈಗ ಸಂಗ್ರಾಹಕರು ಇದ್ದಾರೆ. ಇನ್ನು ಅವುಗಳದ್ದೂ ನಕಲಿ ಬಂದರೆ, ಇದು ಅಸಲಿ ನಕಲಿಯೋ ನಕಲಿ ನಕಲಿಯೋ ಅಂತ ಕುಂಬಳೆಯ ಅಂಗಡಿಯಲ್ಲಿ ಮತ್ತೆ ಜಗಳ ಶುರು.

ಅಂದ ಹಾಗೆ ಆ 15 ಲಕ್ಷ ಡಾಲರಿನ ಮಾರಿಯೋ 64 ಇದೆಯಲ್ಲ, ಅದಕ್ಕೆ ಮೇಲೆ ಹೇಳಿದ ಒಂದು ಪರೀಕ್ಷೆಯನ್ನೂ ಮಾಡುವ ಹಾಗಿಲ್ಲ. ಸೀಲ್ ಒಡೆದರೆ ಬೆಲೆ ಹೋಯಿತು. ತಜ್ಞರು ನೋಡುವುದು ಹೊರಗಿನ ಪ್ಲಾಸ್ಟಿಕ್ ಹಾಳೆ ಮತ್ತು ರಟ್ಟು. ಒಡೆಯದೆ ಒಳಗೆ ಇಣುಕಲು ಇರುವ ದಾರಿ ಎಕ್ಸ್-ರೇ. ಚಿಪ್ಪಿನ ಆಕಾರ, ಅದರೊಳಗಿನ ನೂಲಿನಂಥ ತಂತಿಗಳು ಅದರಲ್ಲಿ ಕಾಣುತ್ತವೆ. ಆ ಮಟ್ಟಿಗೆ ನಮ್ಮ ಗಲ್ಫ್ ಕ್ಯಾಸೆಟ್ಟುಗಳೇ ವಾಸಿ. ಒಂದೊಂದೂ ವಿಮಾನ ನಿಲ್ದಾಣದ ಎಕ್ಸ್-ರೇ ಮೆಷಿನ್ನಿನೊಳಗಿಂದ ಹಾದುಕೊಂಡೇ ಊರಿಗೆ ಬಂದದ್ದು.